ಒಂದೇ ಗಂಟೆಯಲ್ಲಿ ಹೋಗುವ ನಿಂಬೆ ಸೆಂಟು: ನಮಗದು ಮೋಸ ಅನ್ನಿಸಲಿಲ್ಲ

ಫ್ಯಾನ್ಸಿ ಸ್ಟೋರಿನಲ್ಲಿ ಸೆಂಟು ಕೊಳ್ಳುವವರನ್ನು ಒಮ್ಮೆ ಗಮನಿಸಿ. ಮುಚ್ಚಳ ತೆಗೆದು ಮೂಗಿಗೆ ಹಿಡಿಯುತ್ತಾರೆ, ಜೋರಾಗಿ ಒಂದು ಸಲ ಎಳೆಯುತ್ತಾರೆ, ಆಮೇಲೆ ಒಂದೇ ಪ್ರಶ್ನೆ: "ಎಷ್ಟೊತ್ತು ಬರುತ್ತೆ?" ಅಂಗಡಿಯವರ ಉತ್ತರವೂ ಒಂದೇ: "ಬೆಳಿಗ್ಗೆ ಹೊಡ್ಕೊಂಡ್ರೆ ಸಂಜೆ ತನಕ." ನಾವೂ ಹೀಗೇ ಕೊಳ್ಳುತ್ತಿದ್ದೆವು. ಈ ಬೇಸಿಗೆಯಲ್ಲಿ ಮಾತ್ರ ಆ ಪ್ರಶ್ನೆಯೇ ಸರಿಯಿಲ್ಲ ಅನ್ನಿಸಿತು. ಎಲ್ಲ ಸೆಂಟಿಗೂ ಅಲ್ಲ, ನಿಂಬೆ-ಕಿತ್ತಳೆ ಜಾತಿಯವಕ್ಕೆ.

ನಮ್ಮ ಬಳಗದ ಒಬ್ಬರಿಗೆ ಗಲ್ಫಿನಿಂದ ಬಂದ ನೆಂಟರು ಒಂದು ಬಾಟಲಿ ಕೊಟ್ಟಿದ್ದರು. ನೀಲಿ-ಚಿನ್ನದ ಲೇಬಲ್, ಅದರ ಮೇಲೆ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ: 4711. ಜರ್ಮನಿಯ ಕಲೋನ್ ಪಟ್ಟಣದ ಒಂದು ಮನೆಯ ನಂಬರಂತೆ ಅದು. ಆ ಪಟ್ಟಣದ ಹೆಸರಿನಿಂದಲೇ 'ಯೂಡಿಕೋಲನ್' ಅನ್ನುವ ಮಾತು ಬಂದದ್ದು. ಅಲ್ಲಿಗೆ ಬಂದು ನೆಲೆಸಿದ ಫರೀನಾ ಎಂಬ ಇಟಲಿಯವರ ಅಂಗಡಿ 1709ರಲ್ಲಿ ಶುರುವಾಯಿತು, ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆ ಹಾಕಿದ ಅವರ ನೀರು ಯುರೋಪಿಗೆಲ್ಲ ಹೆಸರಾಯಿತು. ನಮ್ಮ ಕಡೆ ಹಳೆಯ ಕಾಲದಲ್ಲಿ ಉಳ್ಳವರ ಮನೆಗಳಲ್ಲಿ ಜ್ವರ ಬಂದರೆ ಒದ್ದೆ ಬಟ್ಟೆಗೆ ಯೂಡಿಕೋಲನ್ ಹಾಕಿ ಹಣೆಗಿಡುತ್ತಿದ್ದರು. ಅಜ್ಜಿಯರನ್ನು ಕೇಳಿ ನೋಡಿ, ಗೊತ್ತಿರುತ್ತದೆ.

ನಾವು ನಾಲ್ವರು ಅದನ್ನು ಸರದಿಯ ಮೇಲೆ ಏಪ್ರಿಲ್ ತಿಂಗಳಿಡೀ ಹಾಕಿಕೊಂಡೆವು. ಮೊದಲ ದಿನದ ತೀರ್ಪು ಬಂದದ್ದು ನಮ್ಮಲ್ಲೊಬ್ಬರ ತಂಗಿಯಿಂದ: "ಪಾತ್ರೆ ತಿಕ್ಕೋ ಸೋಪಿನ ವಾಸನೆ ಬರ್ತಿದೆ."

ನಕ್ಕೆವು, ಆದರೆ ಅವಳ ಮಾತನ್ನು ಬಿಸಾಕುವ ಹಾಗಿಲ್ಲ. ನಮ್ಮ ಊರುಗಳಲ್ಲಿ ನಿಂಬೆಯ ಪರಿಮಳವನ್ನು ಪಾತ್ರೆ ಸೋಪು, ನೆಲ ಒರೆಸುವ ನೀರು, ಬಟ್ಟೆ ಪುಡಿ ಆಗಲೇ ಆಕ್ರಮಿಸಿಬಿಟ್ಟಿವೆ. ಕಾರಣ, ನಿಂಬೆಯ ವಾಸನೆ ಕೊಡುವ ವಸ್ತುಗಳು ಅಗ್ಗವಾಗಿ ಸಿಗುತ್ತವೆ. ಪರಿಮಳ ಅಂದರೆ ನಮಗೆ ಮಲ್ಲಿಗೆ, ಸಂಪಿಗೆ, ಕೇದಗೆ, ಗಂಧ. ಎಲ್ಲವೂ ದಟ್ಟ, ಎಲ್ಲವೂ ನಿಲ್ಲುವಂಥವು. ಗಂಧದ ಕೊರಡು ವರ್ಷಗಟ್ಟಲೆ ಘಮಘಮಿಸುತ್ತದೆ. ಅತ್ತರಿನವರು ಗಂಧದೆಣ್ಣೆಯನ್ನು ಬುನಾದಿಯಾಗಿ ಬಳಸುತ್ತಿದ್ದದ್ದೂ ಅದು ಉಳಿದ ಪರಿಮಳಗಳನ್ನು ಹಿಡಿದಿಡುತ್ತದೆ ಅಂತಲೇ. ಇಂಥ ಮೂಗಿಗೆ ಒಂದು ಗಂಟೆಯಲ್ಲಿ ಆರಿಹೋಗುವ ನಿಂಬೆ 'ಡೂಪ್ಲಿಕೇಟ್' ಅನ್ನಿಸುವುದು ಸಹಜವೇ.

ಆದರೆ ಅದು ಹಾಗಿರುವುದೇ ಅದರ ಗುಣ. ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆಯನ್ನು ದೀಪದ ಹತ್ತಿರ ಹಿಡಿದು ಹಿಂಡಿ ಚಟಪಟ ಕಿಡಿ ಹಾರಿಸಿದ್ದು ನೆನಪಿದೆಯೇ? (ಇನ್ನೊಬ್ಬರ ಕಣ್ಣಿಗೆ ಹಿಂಡಿ ಪೆಟ್ಟು ತಿಂದದ್ದೂ ನೆನಪಿರಬೇಕು.) ಆ ಹಾರಿದ್ದು ರಸ ಅಲ್ಲ, ಸಿಪ್ಪೆಯ ಎಣ್ಣೆ. ಸೆಂಟಿಗೆ ಹೋಗುವುದು ಅದೇ. ಕಿತ್ತಳೆ ಸಿಪ್ಪೆಯೆಣ್ಣೆಯಲ್ಲಿ ನೂರಕ್ಕೆ 90 ಭಾಗಕ್ಕಿಂತ ಹೆಚ್ಚು ಲಿಮೊನೀನ್ ಎಂಬ ಒಂದೇ ವಸ್ತು. ಅದು ಬಹಳ ಹಗುರ, ಬೇಗ ಆವಿಯಾಗುತ್ತದೆ. ಬೇಗ ಹಾರುವುದಕ್ಕೇ ಅದು ಮೂಗಿಗೆ ಅಷ್ಟು ಚುರುಕಾಗಿ ಬಂದು ಬಡಿಯುವುದು. ಚುರುಕೂ ಬೇಕು, ದಿನವಿಡೀ ಇರಲೂ ಬೇಕು ಅಂದರೆ ಬರಿಯ ಹಣ್ಣಿನೆಣ್ಣೆಯಿಂದ ಆಗುವುದಿಲ್ಲ. ಸಂಜೆಯವರೆಗೂ ನಿಲ್ಲುವ 'ಲೆಮನ್' ಸೆಂಟು ಸಿಕ್ಕರೆ, ಸಂಜೆ ನಿಮಗೆ ಬರುತ್ತಿರುವುದು ನಿಂಬೆಯಲ್ಲ, ಅದರ ಕೆಳಗೆ ಹಾಕಿರುವ ಬೇರೆ ಏನೋ. ಮೇಲಾಗಿ ಕಲೋನ್ ಎಂಬುದರಲ್ಲಿ ಸುಗಂಧದ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಭಾಗ ಮಾತ್ರ, ಮಿಕ್ಕದ್ದು ಬಹುಪಾಲು ಆಲ್ಕೋಹಾಲು, ಸ್ವಲ್ಪ ನೀರು. ಅದಕ್ಕೇ ದೀಪ, ಒಲೆ, ಬೀಡಿ ಇವುಗಳ ಹತ್ತಿರ ಸಿಂಪಡಿಸಬೇಡಿ.

ಹಾಗಾದರೆ ಇಂಥ ಸೆಂಟನ್ನು ನೋಡುವುದು ಹೇಗೆ? ನಮ್ಮ ಅನುಭವ ಹೇಳುತ್ತೇವೆ. ಬಾಟಲಿ ಮೂತಿಗೆ ಮೂಗಿಟ್ಟರೆ ಸಿಗುವುದು ಆಲ್ಕೋಹಾಲಿನ ಘಾಟು. ಅಂಗಡಿಯವರು ಕೊಡುವ ಕಾಗದದ ಪಟ್ಟಿಗೆ ಬೆವರಿಲ್ಲ, ಬಿಸಿಯಿಲ್ಲ. ಸ್ನಾನ ಮಾಡಿದ ಕೈಯ ಮಣಿಕಟ್ಟಿಗೆ ಒಂದೇ ಸಲ ಹಾಕಿ, ಉಜ್ಜದೆ ಸುಮ್ಮನಿರಿ. ಘಾಟು ಆರಲು ಒಂದೆರಡು ನಿಮಿಷ ಬೇಕು. 4711 ಆಗ ಹಸಿ ನಿಂಬೆಸಿಪ್ಪೆ ಸುಲಿದ ಹಾಗೆ ಎದ್ದು ಬರುತ್ತದೆ, ಜೊತೆಗೆ ಬರ್ಗಮಾಟ್ ಅನ್ನುವ, ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಹಣ್ಣಿನ ಒಗರು. ಹತ್ತು ನಿಮಿಷ ಅದೇ ಹಬ್ಬ. ಅರ್ಧ ಗಂಟೆಯ ಹೊತ್ತಿಗೆ ರೋಸ್‌ಮೆರಿ, ಲ್ಯಾವೆಂಡರ್ ಸೊಪ್ಪುಗಳ ವಾಸನೆ. ಇದು ನಮ್ಮಲ್ಲಿ ಇಬ್ಬರಿಗೆ ಔಷಧಿ ಅಂಗಡಿಯನ್ನು ನೆನಪಿಸಿತು, ಇಷ್ಟವಾಗಲಿಲ್ಲ. ಕೊನೆಗೆ ಕಹಿಕಿತ್ತಳೆ ಹೂವಿನ ತೆಳ್ಳನೆಯ ಸಿಹಿ. ಹೂ ಬಿಟ್ಟ ನಿಂಬೆ ತೋಟದಲ್ಲಿ ಬೆಳಗಿನ ಹೊತ್ತು ನಡೆದವರಿಗೆ ಈ ಕೊನೆಯ ಭಾಗ ಗುರುತು ಸಿಗುತ್ತದೆ. ಬಿಸಿಲಲ್ಲಿ ಬೈಕ್ ಓಡಿಸಿದವರಿಗೆ ಎಲ್ಲವೂ ಮುಕ್ಕಾಲು ಗಂಟೆಯಲ್ಲಿ ಮುಗಿದಿತ್ತು. ನೆರಳಲ್ಲಿ ಕೂತವರಿಗೆ ಒಂದೂವರೆ ಗಂಟೆ. ಹತ್ತಿ ಅಂಗಿಗೆ ಹಾಕಿದ್ದು ಇನ್ನೂ ಸ್ವಲ್ಪ ಹೊತ್ತು.

ಅಂದಹಾಗೆ, ನಮಗೆ ಬರುತ್ತಿಲ್ಲ ಅಂದಮಾತ್ರಕ್ಕೆ ಪಕ್ಕದವರಿಗೆ ಬರುತ್ತಿಲ್ಲ ಎಂದಲ್ಲ. ನಮ್ಮ ಮೂಗು ನಮ್ಮ ವಾಸನೆಗೆ ಬೇಗ ಸೋಲುತ್ತದೆ. ಬೆಳಗಿನ ಬಸ್ಸಿನಲ್ಲಿ ಹುಡುಗರ ಸ್ಪ್ರೇಗೆ ತಲೆ ಸುತ್ತುವುದು ಇದಕ್ಕೇ. ಅವರಿಗೆ ಬರುತ್ತಿರುವುದಿಲ್ಲ, ಅದಕ್ಕೆ ಇನ್ನಷ್ಟು ಹೊಡೆದುಕೊಂಡಿರುತ್ತಾರೆ.

ಹೊಲದ ಕೆಲಸಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ನಿಂಬೆ ಹಿಂಡಿದ ಕೈ ತೊಳೆಯದೆ ಸುಡುಬಿಸಿಲಿಗೆ ಹೋದರೆ ಕೆಲವರಿಗೆ ಒಂದೆರಡು ದಿನದಲ್ಲಿ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ, ಆಮೇಲೆ ವಾರಗಟ್ಟಲೆ ಕಪ್ಪು ಕಲೆ. ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ. ಹಳೆಯ ಕಾಲದ ಬರ್ಗಮಾಟ್ ಕಲೋನ್ ಹಾಕಿದವರ ಕತ್ತಿನ ಮೇಲೆ ಹನಿ ಇಳಿದ ಹಾಗೆ ಕಲೆಗಳಾಗುತ್ತಿದ್ದದ್ದು ಇದರಿಂದಲೇ. ಈಗ ಒಳ್ಳೆಯ ತಯಾರಕರು ಆ ಅಂಶವನ್ನು ತೆಗೆದ ಎಣ್ಣೆ ಬಳಸುತ್ತಾರೆ. ಆದರೆ ಯೂಟ್ಯೂಬ್ ನೋಡಿ ಮನೆಯಲ್ಲೇ ನಿಂಬೆ ಸಿಪ್ಪೆಯಿಂದ ಸೆಂಟು ಮಾಡಿ ಕತ್ತಿಗೆ ಹಚ್ಚಿಕೊಂಡು ಕಳೆ ಕೀಳಲು ಹೋಗಬೇಡಿ. ಬಾಟಲಿಯನ್ನು ಶೀಟಿನ ಮನೆಯ ಕಿಟಕಿಯಲ್ಲೂ ಇಡಬೇಡಿ. ಬಿಸಿ, ಬೆಳಕು, ಗಾಳಿ ತಾಗಿದರೆ ಈ ಎಣ್ಣೆ ಬೇಗ ಕೆಡುತ್ತದೆ, ಪೇಂಟಿಗೆ ಹಾಕುವ ಟರ್ಪೆಂಟೈನ್ ಥರ ನಾರುತ್ತದೆ. ಕೆಟ್ಟದ್ದನ್ನು ಹಚ್ಚಿಕೊಂಡರೆ ತುರಿಕೆಯೂ ಬರಬಹುದು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇವೆ ಅಂದರೆ, ನಮ್ಮಂಥವರು ಸೆಂಟು ಕೊಳ್ಳುವುದು ಬರೀ ಶೋಕಿಗಲ್ಲ. ಪದವಿ ಮುಗಿದ ವರ್ಷ ನಮ್ಮಲ್ಲಿ ಇಬ್ಬರು ನಗರದಲ್ಲಿ ಒಂದು ಉದ್ಯೋಗ ತರಬೇತಿಗೆ ಹೋಗಿದ್ದೆವು. ಸಂದರ್ಶನಕ್ಕೆ ಹೇಗೆ ತಯಾರಾಗಬೇಕು ಎಂದು ಹೇಳಿಕೊಡುತ್ತಿದ್ದವರು ಎಲ್ಲರೆದುರು, "ಹಳ್ಳಿಯಿಂದ ಬರೋರು ಪರ್ಫ್ಯೂಮ್ ಮರೀಬೇಡಿ, ಎಸಿ ರೂಮಲ್ಲಿ ವಾಸನೆ ನಿಲ್ಲುತ್ತೆ" ಅಂದರು. ಯಾರೂ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ಸಂಜೆ ಹೋಗಿ ಇರುವುದರಲ್ಲೇ ಗಟ್ಟಿಯಾದ ಸ್ಪ್ರೇ ತಂದೆವು. ಊಟದ ದುಡ್ಡಿನಲ್ಲಿ.

ಅದರಿಂದ ಏನೂ ಮುಚ್ಚಲಿಲ್ಲ. ಸೌದೆ ಒಲೆಯ ಹೊಗೆ ಬಟ್ಟೆಯ ನೂಲಿಗೆ ಹತ್ತಿರುತ್ತದೆ, ಅದರ ಮೇಲೆ ಹೊಡೆದರೆ ಹೊಗೆಯೂ ಬರುತ್ತದೆ, ಸ್ಪ್ರೇಯೂ ಬರುತ್ತದೆ. ಬೆವರಿನದೂ ಹಾಗೇ. ಹೊಸ ಬೆವರಿಗೆ ಹೆಚ್ಚು ವಾಸನೆಯೇ ಇಲ್ಲ, ಅದು ಮೈಮೇಲೆ ನಿಂತು ಬ್ಯಾಕ್ಟೀರಿಯಾ ತಿಂದ ಮೇಲೆ ಬರುವುದು. ಅದಕ್ಕೆ ನೀರು, ಸೋಪು, ಒಗೆದ ಅಂಗಿ ಬೇಕು. ನೀರೇ ಮೂರು ದಿನಕ್ಕೊಮ್ಮೆ ಬರುವ ಊರಿನ ಹುಡುಗನಿಗೆ ಪರ್ಫ್ಯೂಮಿನ ಬುದ್ಧಿ ಹೇಳುವವರು ಮೊದಲು ನಲ್ಲಿಯ ವಿಚಾರ ಕೇಳಬೇಕಿತ್ತು.

ಆ ಸ್ಪ್ರೇ ಹಾಕಿಕೊಂಡಾಗಲೆಲ್ಲ ಇನ್ನೂ ಬರುತ್ತಿದೆಯಾ ಅಂತ ಅಂಗಿಯ ಕಾಲರ್ ಮೂಸುತ್ತಿದ್ದೆವು, ಹೋದರೆ ಸಿಕ್ಕಿಬಿದ್ದೆವು ಅನ್ನುವ ಹಾಗೆ. ಏಪ್ರಿಲ್‌ನಲ್ಲಿ ನಿಂಬೆ ಸೆಂಟು ಹಾಕಿದಾಗ ಆ ಭಯ ಇರಲಿಲ್ಲ. ಅದು ಹೋಗೇ ಹೋಗುತ್ತದೆ ಎಂದು ಮೊದಲೇ ಗೊತ್ತಿತ್ತು. ಬೆಳಿಗ್ಗೆ ತಣ್ಣೀರು ಸ್ನಾನ, ಒಂದು ಚಿಮುಕು, ಹತ್ತು ನಿಮಿಷ ಖುಷಿ. ಆಮೇಲೆ ನಾವು ನಾವೇ, ಒಲೆ, ಹಟ್ಟಿ, ಬಸ್ಸಿನ ಧೂಳು ಎಲ್ಲ ಸೇರಿ. ಮುಡಿದ ಹೂವು ಬಾಡಿತು ಅಂತ ಯಾರೂ ಹೂವಾಡಗಿತ್ತಿಯ ಜೊತೆ ಜಗಳಕ್ಕೆ ಹೋಗುವುದಿಲ್ಲವಲ್ಲ.

ಇಂಥದ್ದೇ ಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಮಳೆಗಾಲದ ಮದುವೆಗೆ ನಾವೂ ಅತ್ತರನ್ನೇ ಹಾಕುತ್ತೇವೆ, ಆ ಥಂಡಿಯಲ್ಲಿ ನಿಂಬೆ ಪೇಲವ. ಕೊಳ್ಳುವುದಾದರೆ ಸಣ್ಣ ಬಾಟಲಿ ಕೊಳ್ಳಿ, ಬೇಸಿಗೆಯಲ್ಲಿ ಮುಗಿಸಿಬಿಡಿ.

ನಮ್ಮ ಬಾಟಲಿಯಲ್ಲಿ ಇನ್ನು ಕಾಲು ಭಾಗ ಉಳಿದಿದೆ, ಕಬ್ಬಿಣದ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇವೆ. ಮೊನ್ನೆ ನಮ್ಮಲ್ಲೊಬ್ಬರ ಅವ್ವನ ಕೈಗೂ ಒಂದು ಹನಿ ಹಾಕಿದೆವು. ಮೂಸಿ ನೋಡಿದರು, ಹಿತ್ತಲಿಗೆ ಹೋಗಿ ಗಜನಿಂಬೆಯ ಎಲೆ ಕಿತ್ತು ತಂದು ನಮ್ಮ ಕೈಯಲ್ಲೇ ಹಿಚುಕಿದರು. "ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳ್ರಿ?" ನಾವು ಬರ್ಗಮಾಟ್, ಕಿತ್ತಳೆ ಹೂವು ಅಂತ ಏನೇನೋ ಶುರು ಮಾಡಿದೆವು. ಅಷ್ಟರಲ್ಲಿ ಅವರು ಎಲೆಯನ್ನು ಮಜ್ಜಿಗೆಗೆ ಹಾಕಿ ಲೋಟ ಮುಂದಿಟ್ಟಿದ್ದರು.