ಲೆಕ್ಕ ಐತಿ, ರೊಕ್ಕ ಎಲ್ಲೈತಿ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಸಿಂಧನೂರಿರಲಿ, ಲಿಂಗಸುಗೂರಿರಲಿ, ಮಸ್ಕಿಯಿರಲಿ, ಕೆಡಿಪಿ ಸಭೆ ಎಂದರೆ ಇಲಾಖೆಗಳಿಗೆ ಪರೀಕ್ಷೆ. ಆರ್ಥಿಕ ಪ್ರಗತಿ ಎಷ್ಟು? ಭೌತಿಕ ಪ್ರಗತಿ ಎಷ್ಟು? ಪ್ರಶ್ನೆ ಕೇಳುವುದು ಸರ್ಕಾರ, ಉತ್ತರ ಬರೆಯುವುದು ಸರ್ಕಾರ, ಮಾರ್ಕು ಹಾಕುವುದೂ ಸರ್ಕಾರವೇ. ನಾವು ಹಿಂಗ ಪರೀಕ್ಷೆ ಬರೆದರೆ ಡಿಬಾರ್ ಮಾಡ್ತಾರ!

ಈ ಲೆಕ್ಕದ ಚಮತ್ಕಾರ ನೋಡ್ರಿ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ 2013ರಲ್ಲಿ ಬಂತು. ನಮ್ಮ ಜನ ಎಷ್ಟೋ ಅಭಿವೃದ್ಧಿ ಹಣದಲ್ಲಿ ಪಾಲೂ ಅಷ್ಟು. 2011ರ ಜನಗಣತಿಯಂತೆ ನೂರಕ್ಕೆ 24.1. ಆದರೆ ಅದೇ ಕಾಯ್ದೆಯೊಳಗೆ 7ಡಿ ಎಂಬ ಕಳ್ಳಕಿಂಡಿ ಇಟ್ಟರು. ಊರಿಗೆಲ್ಲ ಬೇಕಾದ ರಸ್ತೆ, ಸೇತುವೆ ಕಟ್ಟಿ, ಅದರಲ್ಲೊಂದು ಪಾಲು ನಮಗೇ ಖರ್ಚಾಯಿತೆಂದು 'ಭಾವಿಸಿ' ಬರೆದುಕೊಳ್ಳಬಹುದು. ಉಂಡಿದ್ದೀರಿ ಎಂದು ಭಾವಿಸಿದರೆ ಹೊಟ್ಟೆ ತುಂಬುತ್ತದೇನು?

ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಆ ಕಲಂ ಕಿತ್ತರು. ಆದರೆ 2023-24ರಲ್ಲೇ ಇದೇ ನಿಧಿಯ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಅಕ್ಕಿ, ಕರೆಂಟು, ಬಸ್ಸು ನಮ್ಮ ಅವ್ವಂದಿರಿಗೂ ಬೇಕು. ಬೇಡ ಅಂದವರು ಯಾರು? ಗೌಡರ ಮನೆಗೆ ಕೊಡಲು ರಾಜ್ಯದ ಖಜಾನೆ, ನಮ್ಮ ಮನೆಗೆ ಕೊಡಲು ಮಾತ್ರ ನಮ್ಮದೇ ಗಂಟು. ಇದ್ಯಾವ ನ್ಯಾಯ?

ಇನ್ನು ರ್‍ಯಾಂಕಿನ ಮಾತು. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರನ್ನು 'ಮಹತ್ವಾಕಾಂಕ್ಷಿ ಜಿಲ್ಲೆ' ಎಂದು ಕರೆದು 49 ಸೂಚಕಗಳಲ್ಲಿ ಅಳೆಯತೊಡಗಿತು. ಅಳೆಯಲಿ. ಆದರೆ ರ್‍ಯಾಂಕು ಬರುವುದು ಜಿಲ್ಲೆಗೆ, ಕೇರಿಗಲ್ಲ. ಊರು ಮೆಟ್ಟಿಲು ಹತ್ತಿ ಕೇರಿ ಇದ್ದಲ್ಲೇ ಇದ್ದರೂ ಜಿಲ್ಲೆ ಮುಂದೆ ಹೋದಂತೆಯೇ! ಸರಾಸರಿ ಎಂಬುದು ನಮ್ಮ ಮೇಲೆ ಹೊದಿಸಿದ ಹೊಸ ಚಾದರ.

ಹಾಗಂತ ಅಂಕಿ ನಮ್ಮ ವೈರಿಯಲ್ಲ. ರೂಪಾಯಿಯ ಸಮಸ್ಯೆ ಕುರಿತು 1923ರಲ್ಲೇ ಪುಸ್ತಕ ತಂದವರು ನಮ್ಮ ಬಾಬಾಸಾಹೇಬರು. ಲೆಕ್ಕ ಬಲ್ಲವರ ಮಕ್ಕಳು ನಾವು.

ಮಸ್ಕಿಯ ಬಂಡೆ ನೋಡಿದ್ದೀರಲ್ಲ? ಎರಡು ಸಾವಿರ ವರ್ಷಗಳ ಹಿಂದೆ ಅಶೋಕ ತನ್ನ ಮಾತನ್ನು ಬಯಲಲ್ಲಿ ಕೊರೆಸಿದ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮ ಸಾಧಿಸಬಹುದೆಂದು. ಇಂದಿನ ಸರ್ಕಾರ ನಮ್ಮ ಲೆಕ್ಕವನ್ನು ಬೀರುವಿನಲ್ಲಿ ಇಟ್ಟಿದೆ.

ನಾವು ಕೇಳುವುದು ಇಷ್ಟೇ. ನಮ್ಮ ಪಾಲು ಎಷ್ಟು ಬಂತು, ಯಾವುದಕ್ಕೆ ಹೋಯಿತು, ಯಾರ ಕೈಗೆ ಮುಟ್ಟಿತು, ಹಾಸ್ಟೆಲ್ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿರಿ. ಕೇರಿ ಒಪ್ಪದೆ 'ನೂರಕ್ಕೆ ನೂರು ಪ್ರಗತಿ' ಎನ್ನಬೇಡಿ. ಕೇಳದೆಯೇ ಲೆಕ್ಕ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಪ್ರಕಟಿಸದಿದ್ದರೆ ಹತ್ತು ರೂಪಾಯಿ, ಒಂದು ಹಾಳೆ ಸಾಕು, ಅರ್ಜಿ ಹಾಕೋಣ. ಒಬ್ಬರಲ್ಲ, ಹಾಸ್ಟೆಲಿಗೆ ಹಾಸ್ಟೆಲೇ ಹಾಕೋಣ.

ಭಾವಿಸಿದ್ದು ಸಾಕು. ಲೆಕ್ಕ ಕೊಡ್ರಿ!

ಜೈ ಭೀಮ್.