ಬಾಕಿ ಇದ್ದರೆ ಮಾತ್ರ ಭಾಗ ಎರಡು

ಸಿನಿಮಾಗಳಿಗೆ ಎರಡನೇ ಭಾಗ ಬೇಕೇ? ಈ ಪ್ರಶ್ನೆ ಬಂದಾಗ ನನಗೆ ಅಕೌಂಟೆನ್ಸಿಯ ಗುಡ್‌ವಿಲ್ ಪಾಠ ನೆನಪಾಗುತ್ತದೆ. ಮೊದಲ ಚಿತ್ರ ಗಳಿಸಿದ ಹೆಸರನ್ನು ಎರಡನೆಯದು ಖರ್ಚು ಮಾಡುತ್ತದೆ. 2006ರ ‘ಮುಂಗಾರು ಮಳೆ’ಯ ಕಥೆ ಅಲ್ಲಿಗೇ ಮುಗಿದಿತ್ತು. 2016ರ ‘ಮುಂಗಾರು ಮಳೆ 2’ ಬೇರೆಯದೇ ಕಥೆಗೆ ಅದೇ ಹೆಸರು ಇಟ್ಟುಕೊಂಡಿತು.

2014ರ ‘ದೃಶ್ಯ’ ಹಾಗಲ್ಲ. ಶವ ಪೊಲೀಸ್ ಠಾಣೆಯ ನೆಲದಡಿಯೇ ಉಳಿಯಿತು. ಕನ್ನಡ ಅಷ್ಟಾಗಿ ಬಾರದ ನನ್ನ ಅಮ್ಮಿಯೂ ಟಿ.ವಿ.ಯಲ್ಲಿ ನೋಡಿ ಕೇಳಿದ್ದರು: “ಮುಂದೆ ಸಿಕ್ಕಿಬಿದ್ದರೆ ಆ ಹೆಣ್ಣುಮಕ್ಕಳ ಗತಿ ಏನು?” ಬಾಕಿ ಉಳಿದಿದ್ದ ಆ ಪ್ರಶ್ನೆಯನ್ನೇ 2021ರ ‘ದೃಶ್ಯ 2’ ಎತ್ತಿಕೊಂಡಿತು.

ಪ್ರೇಕ್ಷಕರಿಗೆ ಉತ್ತರ ಬಾಕಿಯಿದ್ದರೆ ಖಂಡಿತ ಮಾಡಲಿ. ಇಲ್ಲದಿದ್ದರೆ ನಮ್ಮ ಟಿಕೆಟ್ ದುಡ್ಡಿಗೆ ಹೊಸ ಕಥೆ, ಹೊಸ ಹೆಸರು ಕೊಡಲಿ.