ಲೆಕ್ಕದ ಪುಸ್ತಕ ತೆಗೆಯಿರಿ



ಅಣುಬಾಂಬು ದೊಡ್ಡೋರ ವಿಷಯ, ಹಾಸ್ಟೆಲ್ ಹುಡುಗರಿಗೆ ಅದರ ಗೊಡವೆ ಯಾಕೆ ಅನ್ನೋರಿದ್ದಾರೆ. ಅಂಥವರು ದಕ್ಷಿಣ ಆಫ್ರಿಕಾದ ಕಥೆ ಕೇಳಬೇಕು.

ಕಪ್ಪು ಜನಕ್ಕೆ ಓಟು ಕೊಡದ, ಸ್ವಂತ ನೆಲದಲ್ಲಿ ಓಡಾಡೋದಕ್ಕೂ ಪಾಸು ಕೇಳುತ್ತಿದ್ದ ಬಿಳಿಯರ ಸರ್ಕಾರ ಗುಟ್ಟಾಗಿ ಬಾಂಬು ಮಾಡಿತು. ಪ್ರಿಟೋರಿಯಾ ಹತ್ತಿರದ ಪೆಲಿಂಡಾಬಾದಲ್ಲಿ ಯುರೇನಿಯಂ ಪುಷ್ಟೀಕರಣದ ಕಾರ್ಖಾನೆ. ಕಲಹಾರಿ ಮರುಭೂಮಿಯಲ್ಲಿ ಸ್ಫೋಟದ ಪರೀಕ್ಷೆಗೆ ಕೊರೆದ ಬಾವಿಗಳು. 1977ರಲ್ಲಿ ಸೋವಿಯತ್ ಉಪಗ್ರಹ ಆ ಬಾವಿಗಳ ಜಾಗ ಕಂಡುಹಿಡಿಯಿತು, ಪರೀಕ್ಷೆ ನಿಂತಿತು. ಬಾಂಬಿನ ಕೆಲಸ ಮಾತ್ರ ನಿಲ್ಲಲಿಲ್ಲ. ಆರು ಬಾಂಬು ತಯಾರಾದವು, ಏಳನೆಯದು ಅರ್ಧಕ್ಕೆ ನಿಂತಿತು. ಆ ನೆಲದ ಜನರನ್ನು ಯಾರಾದರೂ ಒಂದು ಮಾತು ಕೇಳಿದರಾ?

1990ರಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಬಾಂಬು ಬಿಚ್ಚಿಹಾಕಲು ಆಜ್ಞೆ ಕೊಟ್ಟ. 1991ರ ಜುಲೈನಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ದೇಶ ಸೇರಿತು. ಸೆಪ್ಟೆಂಬರಿನಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೂ ಸಹಿ ಬಿತ್ತು. ಆಗಲೂ ಬಾಂಬಿನ ಬಗ್ಗೆ ಬಾಯಿ ಬಿಡಲಿಲ್ಲ. ಬಿಟ್ಟದ್ದು 1993ರ ಮಾರ್ಚ್ 24ರಂದು, ಪಾರ್ಲಿಮೆಂಟಿನಲ್ಲಿ. ಅಷ್ಟರೊಳಗೆ ಬಾಂಬಿನ ನಕ್ಷೆಗಳನ್ನು ನಾಶ ಮಾಡಿ ಆಗಿತ್ತು. ಕಪ್ಪು ಜನರ ಸರ್ಕಾರದ ಕೈಗೆ ಬಾಂಬು ಸಿಗಬಾರದು ಅಂತಲೇ ಹೀಗೆ ಮಾಡಿದರು ಎಂಬ ಅನುಮಾನ ಇವತ್ತಿಗೂ ಇದೆ.

ಇಷ್ಟು ವರ್ಷ ಮುಚ್ಚಿಟ್ಟವರು ‘ಈಗ ಏನೂ ಉಳಿದಿಲ್ಲ’ ಅಂದರೆ ನಂಬೋದು ಹೇಗೆ?

ಹಾಸ್ಟೆಲಿನಲ್ಲಿರೋರಿಗೆ ಇದು ಬೇಗ ಅರ್ಥವಾಗುತ್ತೆ. ರಿಜಿಸ್ಟರಿನಲ್ಲಿ ಎಷ್ಟು ಮೂಟೆ ಅಕ್ಕಿ ಬಂತು ಅಂತ ಬರೆದಿದೆ, ಎಷ್ಟು ಬೆಂದಿತು, ಉಗ್ರಾಣದಲ್ಲಿ ಎಷ್ಟು ಉಳಿದಿದೆ? ಮೂರೂ ತಾಳೆಯಾಗದಿದ್ದರೆ ಅಕ್ಕಿ ಎಲ್ಲೋ ಹೋಗಿದೆ. ಅಣು ತಪಾಸಣೆಯ ಮೂಲ ಇದೇ. ತಪಾಸಣೆಯವರು ಪೆಲಿಂಡಾಬಾದ ವರ್ಷಗಟ್ಟಲೆಯ ದಿನಚರಿ ದಾಖಲೆಗಳನ್ನು ತೆಗೆಸಿದರು. ಒಳಗೆ ಹೋದ ಯುರೇನಿಯಂ ಎಷ್ಟು, ಪುಷ್ಟಿಯಾಗಿ ಬಂದದ್ದೆಷ್ಟು, ಕಸದಲ್ಲಿ ಹೋದದ್ದೆಷ್ಟು ಅಂತ ಲೆಕ್ಕ ಹಾಕಿದರು. ಬಾಂಬಿನ ಮಟ್ಟದ ಯುರೇನಿಯಂನಲ್ಲಿ 25 ಕಿಲೋ ಯುರೇನಿಯಂ-235 ಇದ್ದರೆ ಒಂದು ಬಾಂಬಿಗೆ ಸಾಕು ಎಂಬುದು ಆ ಸಂಸ್ಥೆಯ ಅಳತೆ. ಕಲಹಾರಿಯ ಬಾವಿಗಳನ್ನು ಅವರ ಕಣ್ಣೆದುರೇ ಮುಚ್ಚಿಸಿದರು. ಬಚ್ಚಿಟ್ಟ ಗುರುತು ಸಿಗಲಿಲ್ಲ. 1994ರಲ್ಲಿ ಮಂಡೇಲಾ ಗೆದ್ದು ಬಂದಾಗ ಆ ದೇಶದಲ್ಲಿ ಬಾಂಬು ಇರಲಿಲ್ಲ. ಅದನ್ನು ಖಾತ್ರಿ ಮಾಡಿದ್ದು ಡಿ ಕ್ಲರ್ಕನ ಮಾತಲ್ಲ, ಲೆಕ್ಕದ ಪುಸ್ತಕ.

ಪುಸ್ತಕವೇ ಸುಳ್ಳಾದರೆ? ಇರಾಕಿನಲ್ಲಿ ಅದೇ ಆಯಿತು. ಅವರು ತೋರಿಸಿದ ಜಾಗವನ್ನೇ ನೋಡಿ ತಪಾಸಣೆಯವರು ಹೋಗುತ್ತಿದ್ದರು. ತೋರಿಸದ ಜಾಗದಲ್ಲಿ ನಡೆಯುತ್ತಿದ್ದ ಕೆಲಸ 1991ರ ಯುದ್ಧದ ನಂತರ ಬಯಲಾಯಿತು. ಅದಕ್ಕೇ 1997ರಲ್ಲಿ ಹೊಸ ಕರಾರು ಬಂತು. ಹೇಳದ ಜಾಗಕ್ಕೂ ಹೋಗಬಹುದು, ಗೋಡೆಯ ಧೂಳು ಒರೆಸಿ ಪರೀಕ್ಷೆ ಮಾಡಬಹುದು. ಆದರೆ ಒಪ್ಪಿದ ದೇಶಕ್ಕೆ ಮಾತ್ರ ಇದು ಕಟ್ಟು.

ಇಲ್ಲೊಂದು ಮೇಲು-ಕೀಳು ಇದೆ. ಒಪ್ಪಂದದ ಪ್ರಕಾರ ಬಾಂಬು ಇಟ್ಟುಕೊಳ್ಳಬಹುದಾದವರು ಐದೇ ದೇಶ: ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ. ಅವರು ತಮಗೆ ಇಷ್ಟ ಬಂದದ್ದನ್ನಷ್ಟೇ ತಪಾಸಣೆಗೆ ತೆರೆಯುತ್ತಾರೆ. ಬಾಂಬಿಲ್ಲದವನು ಮಾತ್ರ ಪೂರ್ತಿ ಲೆಕ್ಕ ಒಪ್ಪಿಸಬೇಕು. ಈ ತಾರತಮ್ಯ ಹೇಳಿಯೇ ನಮ್ಮ ದೇಶ ಸಹಿ ಹಾಕಲಿಲ್ಲ. ಸರಿ. ಆದರೆ ನಾವೂ 1974ರಲ್ಲಿ, 1998ರಲ್ಲಿ ಪೋಖ್ರಾನಿನಲ್ಲಿ ಸ್ಫೋಟಿಸಿದೆವು. ತಪಾಸಣೆಗೆ ತೆರೆಯುವ ಸ್ಥಾವರಗಳ ಪಟ್ಟಿಯನ್ನು 2006ರಲ್ಲಿ ನಾವೇ ಆರಿಸಿ ಬರೆದೆವು. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರವನ್ನು ಅದರಿಂದ ಹೊರಗಿಟ್ಟೆವು. ಉಳಿದವರ ತಾರತಮ್ಯವನ್ನು ಬೈದು, ನಾವೂ ಅದೇ ಜಗುಲಿ ಹತ್ತಿ ಕೂತ ಹಾಗಾಗಲಿಲ್ಲವೇ?

ತಪಾಸಣೆಯೇ ಮೋಸ ಅಂತ ಕೂಗಿದರೆ ಬಚ್ಚಿಡೋರಿಗೆ ಅನುಕೂಲ. ಬಡವನ ಮನೆಯ ಗಡಿಗೆ ಮಾತ್ರ ಇಣುಕುವ ತಪಾಸಣೆಯನ್ನು ಒಪ್ಪಿದರೆ ಬಲಶಾಲಿಗೆ ಅನುಕೂಲ. ನಾವು ಕೇಳಬೇಕಾದ್ದು ಒಂದೇ: ಎಲ್ಲರ ಪುಸ್ತಕವೂ ಮೇಜಿನ ಮೇಲೆ ಬರಲಿ. ದೆಹಲಿಯದೂ, ವಾಷಿಂಗ್ಟನ್ನಿನದೂ.